ಉ: ಘನವಸ್ತು ಹಿಡಿದರೆ ನಕ್ಷತ್ರ ಬಿಡಬೇಕಾ?

ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳು ಘನವಸ್ತು ಭೌತಶಾಸ್ತ್ರ ಆರಿಸಿಕೊಂಡರೆ ನಕ್ಷತ್ರಗಳ ಆಸೆ ಬಿಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ ಸರ್.

ತಾಮ್ರದ ತುಂಡನ್ನು ಎಷ್ಟು ಹಿಚುಕಿದರೂ ಕುಗ್ಗುವುದಿಲ್ಲ, ಅಲ್ವಾ? ಒಳಗೆ ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಕೂರಲು ಒಪ್ಪುವುದಿಲ್ಲ. ಶ್ವೇತಕುಬ್ಜ, ಅಂದರೆ ಇಂಧನ ಮುಗಿದು ಉಳಿದ ಪುಟ್ಟ, ದಟ್ಟ ನಕ್ಷತ್ರ, ತನ್ನ ಭಾರಕ್ಕೆ ಕುಸಿಯದಂತೆ ಹಿಡಿದಿರುವುದೂ ಇದೇ ಹಟ. ಅದರ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟು ದಾಟಿದರೆ ಆ ಹಟ ಸೋಲುತ್ತದೆ. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಖಭೌತ ವಿಜ್ಞಾನಿ ಎಸ್. ಚಂದ್ರಶೇಖರ್ ಶುರು ಮಾಡಿದ ಲೆಕ್ಕ ಇದು.

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು: ತಣ್ಣಗಾಗುತ್ತಾ ಶ್ವೇತಕುಬ್ಜದ ಒಡಲು ಘನವಸ್ತುವಿನಂತೆ ಹರಳುಗಟ್ಟುತ್ತದೆ, ಪರಮಾಣು ಬೀಜಗಳು (ನ್ಯೂಕ್ಲಿಯಸ್) ಸಾಲಾಗಿ ನಿಲ್ಲುತ್ತವೆ. 2019ರಲ್ಲಿ ಗಾಯಾ ದೂರದರ್ಶಕದ ಮಾಹಿತಿಯಲ್ಲಿ ಇದರ ಗುರುತು ಸಿಕ್ಕಿತು.

ಖಗೋಳ ಸಂಶೋಧನಾ ಕೇಂದ್ರ ಐಯುಕಾ (IUCAA) ಪುಣೆ ವಿಶ್ವವಿದ್ಯಾಲಯದ ಆವರಣದಲ್ಲೇ ಇದೆ. ಒಂದು ಉಪನ್ಯಾಸ ಸುಮ್ನೆ ಕೇಳಿ ಬರಲಿ.