ಪುರಂದರದಾಸರ ಹಾಡುಗಳಲ್ಲಿ ಅವರ ಬದುಕು

ಹಾಡು ಕಟ್ಟುವವರ ಬದುಕು ಅವರ ಹಾಡಿನ ವಸ್ತುವನ್ನು ಎಷ್ಟರಮಟ್ಟಿಗೆ ರೂಪಿಸುತ್ತದೆ ಎಂದು ಕೇಳಿದ್ದೀರಿ. ದೇವರನಾಮಗಳನ್ನು ಕಲಿಸುತ್ತ ಬಂದಿರುವ ನನಗೆ ಈ ಪ್ರಶ್ನೆಗೆ ತಕ್ಕ ಉದಾಹರಣೆಯಾಗಿ ಕಾಣುವವರು ಪುರಂದರದಾಸರು. ನನ್ನ ಮಟ್ಟಿಗೆ ಹೇಳುವುದಾದರೆ, ಅವರಿಗೆ ವಸ್ತು ಗುರುವಿನಿಂದ ಬಂತು, ಅದನ್ನು ಜನರಿಗೆ ಹೇಳುವ ರೀತಿ ಬದುಕಿನಿಂದ ಬಂತು.

ಹರಿಭಕ್ತಿ, ವೈರಾಗ್ಯ, ಸಂಸಾರದ ಅನಿತ್ಯತೆ ಇವೆಲ್ಲ ಅವರ ಗುರು ವ್ಯಾಸರಾಯರ ಸುತ್ತ ಬೆಳೆದ ಹರಿದಾಸರಿಗೆಲ್ಲ ಸಮಾನವಾದ ವಸ್ತುಗಳೇ. ಆದರೆ ದಾಸರಾಗುವ ಮುನ್ನ ಪುರಂದರರು ನವಕೋಟಿ ನಾರಾಯಣನೆನಿಸಿದ್ದ ವ್ಯಾಪಾರಿಯಾಗಿದ್ದರೆಂದು ಪರಂಪರೆ ಹೇಳುತ್ತದೆ. ಕೃಷ್ಣನಾಮವನ್ನು ಕಲ್ಲುಸಕ್ಕರೆಯೆಂದು ಕೂಗಿ ಮಾರುವ ಅವರ ಪ್ರಸಿದ್ಧ ಹಾಡನ್ನು ಗಮನಿಸಿ. ಈ ಸರಕನ್ನು ಎತ್ತಿನ ಮೇಲೆ ಹೇರಬೇಕಾಗಿಲ್ಲ, ಗೋಣಿಯಲ್ಲಿ ಒತ್ತಿ ತುಂಬಬೇಕಾಗಿಲ್ಲ, ಎಲ್ಲಿಗೆ ಒಯ್ದರೂ ಬಾಡಿಗೆಯಿಲ್ಲ, ಸುಂಕವಿಲ್ಲ, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ ಎಂದು ಅವರು ಒಂದೊಂದಾಗಿ ಎಣಿಸುತ್ತಾರೆ. ಸಾಗಣೆಯ ಖರ್ಚು, ಸುಂಕದ ಕಟ್ಟೆ, ದಾಸ್ತಾನಿನಲ್ಲಿ ಹಾಳಾಗುವ ಮಾಲು, ಇವು ಲೆಕ್ಕದ ಪುಸ್ತಕದ ಮುಂದೆ ಕುಳಿತವನಿಗೆ ನಿದ್ದೆಗೆಡಿಸುವ ಚಿಂತೆಗಳು.

ಮುಂದೆ ಭಿಕ್ಷೆಯ ಗೋಪಾಳಬುಟ್ಟಿ ಹಿಡಿದು ಮನೆಮನೆ ತಿರುಗಿದ ಬದುಕೂ ಹಾಗೆಯೇ ಹಾಡಿಗಿಳಿದಿದೆ. ಭಿಕ್ಷೆಗೆ ರಾಗಿ ತಂದಿರಾ ಎಂದು ಬಾಗಿಲಲ್ಲಿ ಕೇಳುತ್ತಲೇ, ಯೋಗ್ಯರಾಗಿ, ಅನ್ನದಾನ ಮಾಡುವವರಾಗಿ ಎಂದು ಮನೆಯವರಿಗೇ ಬುದ್ಧಿ ಹೇಳುವ ಆ ಜಾಣತನವನ್ನು ಪಾಠಕ್ಕೆ ಬರುವ ಮಕ್ಕಳು ಬಹಳ ಬೇಗ ಹಿಡಿಯುತ್ತಾರೆ. ಮಾರುವವನ ಕೂಗು, ಬೇಡುವವನ ಕರೆ ಎರಡೂ ಬೀದಿಯ ದನಿಗಳು. ದಾಸರು ಎರಡನ್ನೂ ಬಲ್ಲವರು. ತಮ್ಮ ಕಥೆಯನ್ನೇ ನೇರವಾಗಿ ಹೇಳಿಕೊಂಡಂತಿರುವ ಹಾಡೂ ಒಂದಿದೆ: ದಾಸರ ತಂಬೂರಿಯಾದ ದಂಡಿಗೆಯನ್ನು ಹಿಡಿಯಲು ನಾಚುತ್ತಿದ್ದ ತಮಗೆ ಅದನ್ನು ಹಿಡಿಸಿದವಳು ಹೆಂಡತಿ, ಆದದ್ದೆಲ್ಲ ಒಳ್ಳೆಯದೇ ಆಯಿತು ಎಂದು ಅಲ್ಲಿ ಅವಳನ್ನು ಹರಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ದಾಸರ ಜೀವನದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಐತಿಹ್ಯ. ಹಾಡನ್ನು ಓದಿ ಜೀವನವನ್ನು ಊಹಿಸಿ, ಆ ಊಹೆಯಿಂದಲೇ ಮತ್ತೆ ಹಾಡನ್ನು ವಿವರಿಸುವುದು ಸುಲಭ. ಹಾಗಾಗಿ ಹೆಂಡತಿ ದಾನ ಕೊಟ್ಟ ಮೂಗುತಿಯಿಂದ ಅವರ ಮನಸ್ಸು ಬದಲಾಯಿತೆನ್ನುವ ಕಥೆಯನ್ನು ನಾನು ಆಧಾರವಾಗಿ ಬಳಸುವುದಿಲ್ಲ. ಹಾಡಿನೊಳಗೇ ಕಾಣುವ ಸುಂಕ, ಗೋಣಿ, ಬುಟ್ಟಿಗಳನ್ನು ಮಾತ್ರ ನಂಬುತ್ತೇನೆ.

ಬದುಕು ವಸ್ತುವನ್ನೇ ಮುಟ್ಟಿದ್ದನ್ನು ನೋಡಬೇಕೆಂದರೆ ಅವರ ಸಮಕಾಲೀನರಾದ ಕನಕದಾಸರತ್ತ ಹೋಗಬೇಕು. ಕುರುಬ ಕುಲದಲ್ಲಿ ಹುಟ್ಟಿದ ಅವರು ಕುಲದ ಹೆಸರಿನಲ್ಲಿ ಹೊಡೆದಾಡುವವರನ್ನು ಕೀರ್ತನೆಯಲ್ಲಿ ಪ್ರಶ್ನಿಸಿದರು; ರಾಮಧಾನ್ಯಚರಿತೆ ಎಂಬ ಕಾವ್ಯದಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೊನೆಗೆ ಕೆಡದೆ ಉಳಿದ ರಾಗಿಯನ್ನೇ ರಾಮನಿಂದ ಗೆಲ್ಲಿಸಿದರು.