ಸ್ಮಾರಕದ ಮೇಲೆ 1919 ಅಂತ ಯಾಕಿದೆ?

ನಮಸ್ಕಾರ. ಇಂಗ್ಲೆಂಡಿನ ಹಳ್ಳಿಯ ಚರ್ಚ್ ಅಂಗಳದಲ್ಲಿ ಕಲ್ಲಿನ ಶಿಲುಬೆಯ ಮೇಲೆ '1914–1919' ಅಂತ ನೋಡಿದಿರಿ. ಮೊದಲ ಮಹಾಯುದ್ಧ 1918ಕ್ಕೇ ಮುಗಿಯಿತಲ್ವಾ, ಶಿಲುಬೆಯಲ್ಲಿ ಕೆತ್ತಿದ ಹೆಸರಿನವರನ್ನು ಅಲ್ಲೇ ಹೂತಿದ್ದಾರಾ ಅಂತ ಕೇಳಿದ್ದೀರಿ.

ವರ್ಷ ತಪ್ಪಲ್ಲ. 1918ರ ನವೆಂಬರ್ 11ರಂದು ನಿಂತಿದ್ದು ಗುಂಡಿನ ಸದ್ದು ಮಾತ್ರ. ಜರ್ಮನಿಯ ಜೊತೆ ಯುದ್ಧ ಮುಗಿಸುವ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1919ರ ಜೂನ್ 28ರಂದು. ಕೆಲವು ಹಳ್ಳಿಗಳು ಮೊದಲನೆಯ ವರ್ಷವನ್ನು ಕೆತ್ತಿಸಿದವು, ಕೆಲವು ಎರಡನೆಯದನ್ನು.

ಹೂತಿರುವ ವಿಷಯ ಮಾತ್ರ ಮನಸ್ಸಿಗೆ ತಟ್ಟುವಂಥದ್ದು. ಆ ಶಿಲುಬೆ ಸಾಮಾನ್ಯವಾಗಿ ಯಾರ ಸಮಾಧಿಯೂ ಅಲ್ಲ. ಸತ್ತ ಸೈನಿಕರ ದೇಹವನ್ನು ಊರಿಗೆ ತರಲು ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಶ್ರೀಮಂತರ ಮಗನಿಗೊಂದು, ಕೂಲಿಯವನ ಮಗನಿಗೊಂದು ನ್ಯಾಯ ಆಗಬಾರದು ಅನ್ನುವುದೂ ಅದಕ್ಕೊಂದು ಕಾರಣ. ಅವರು ಫ್ರಾನ್ಸ್, ಬೆಲ್ಜಿಯಂ, ಟರ್ಕಿಯ ಗ್ಯಾಲಿಪೊಲಿಯಂಥ ರಣರಂಗಗಳ ಮಣ್ಣಲ್ಲೇ ಉಳಿದರು. ಎಷ್ಟೋ ಜನರ ದೇಹ ಸಿಗಲೇ ಇಲ್ಲ. ಹಾಗಾಗಿ ಊರಿನವರೇ ದುಡ್ಡು ಕೂಡಿಸಿ ಕಲ್ಲು ನಿಲ್ಲಿಸಿದರು. ಹೂ ಇಡೋಕೆ ತಾಯಂದಿರಿಗೆ ಒಂದು ಜಾಗ ಬೇಕಿತ್ತು. ಒಂದೇ ಮನೆತನದ ಹೆಸರು ಎರಡು ಮೂರು ಸಲ ಬಂದಿದ್ದರೆ ಸ್ವಲ್ಪ ನಿಂತು ಓದಿ. ಬಹಳ ಸಲ ಅವರು ಅಣ್ಣತಮ್ಮಂದಿರು.

ಅದೇ ಅಂಗಳದಲ್ಲಿ ರೆಜಿಮೆಂಟಿನ ಲಾಂಛನ ಕೆತ್ತಿದ ಬಿಳಿ ಕಲ್ಲು ಕಂಡರೆ ಅದು ನಿಜವಾದ ಸಮಾಧಿ. ಗಾಯವಾಗಿಯೋ ಕಾಯಿಲೆಯಿಂದಲೋ ಬ್ರಿಟನ್ನಿನಲ್ಲೇ ತೀರಿಕೊಂಡವರದ್ದು.

ನಿಮ್ಮ ಹತ್ತಿರ ಹೆಸರಿನ ಫೋಟೊ ಇದ್ದರೆ ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹುಡುಕಿ. ದುಡ್ಡು ಕೊಡಬೇಕಿಲ್ಲ. ಅವರು ಎಲ್ಲಿ ಮಲಗಿದ್ದಾರೆ, ದೇಹ ಸಿಗದವರಾದರೆ ಯಾವ ಸ್ಮಾರಕದಲ್ಲಿ ಹೆಸರಿದೆ ಅಂತ ಅಲ್ಲಿ ಸಿಗುತ್ತದೆ.