ಹಳೇ ಡೆಲ್ ಆಪ್ಟಿಪ್ಲೆಕ್ಸ್ 3020ಕ್ಕೆ ಸೆಕೆಂಡ್ ಹ್ಯಾಂಡ್ ಪಾರ್ಟ್ಸ್ ಹಾಕಿಸಿದರೆ ಉಪಯೋಗವಿದೆಯೇ?

ನೀವು ಕೊಟ್ಟಿರುವ ವಿವರ: ಐ3-4130 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಕೆಲಸ ಅಂದರೆ ಟ್ಯಾಲಿ, ನುಡಿ, ಕ್ರೋಮ್, ಮಕ್ಕಳ ಆನ್‌ಲೈನ್ ಕ್ಲಾಸು. ಕೈಯಲ್ಲಿ ಆರು ಸಾವಿರ ರೂಪಾಯಿ ಇದೆ, ಅಂಗಡಿಯವರು ಐ7 ಮತ್ತು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅಂದಿದ್ದಾರೆ. ಎರಡೂ ಬೇಡ. ಈ ಕೆಲಸಕ್ಕೆ ನಿಮ್ಮ ಕಂಪ್ಯೂಟರ್ ಏಗುತ್ತಿರುವುದು ಹಾರ್ಡ್ ಡಿಸ್ಕಿನಿಂದ, ಆಮೇಲೆ ರ‍್ಯಾಮ್ ಸಾಲದ್ದರಿಂದ.

ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಕ್ರೋಮ್ ಮತ್ತು ಟ್ಯಾಲಿ ಎರಡನ್ನೂ ಓಡಿಸಿ. ಡಿಸ್ಕ್ 100%ಕ್ಕೆ ಅಂಟಿಕೊಂಡು, ಸಿಪಿಯು 30–40%ರಲ್ಲೇ ಆಡುತ್ತಿದ್ದರೆ ಐ7 ಹಾಕಿದರೂ ಇದೇ ನಿಧಾನ ಇರುತ್ತದೆ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸು ಚಿಲ್ಲರೆ ಓದುಗಳನ್ನು (ಡಿಸ್ಕಿನ ಬೇರೆಬೇರೆ ಕಡೆಯಿಂದ ಸಣ್ಣಸಣ್ಣ ಓದು) ಮಾಡಬಲ್ಲದು. ಸಾಧಾರಣ ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಕೂರುವ, ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಡೇಟಾ ಇಡುವ ಡಿಸ್ಕ್, ಸಾವಿರಾರು ಮಾಡುತ್ತದೆ. 4 ಜಿಬಿ ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಅದೇ ಡಿಸ್ಕಿಗೆ ಬರೆದು ಓದುತ್ತಿರುತ್ತದೆ, ಹಾಗಾಗಿ ಪೆಟ್ಟು ದುಪ್ಪಟ್ಟು.

ಎಸ್‌ಎಸ್‌ಡಿ ಒಂದನ್ನು ಮಾತ್ರ ಹೊಸದೇ ತೆಗೆದುಕೊಳ್ಳಿ. ಬರೆದಷ್ಟೂ ಸವೆಯುವ ವಸ್ತು ಅದು, ನಿಮ್ಮ ಟ್ಯಾಲಿ ಲೆಕ್ಕ ಕೂರುವ ಜಾಗವೂ ಅದೇ. 240 ಅಥವಾ 256 ಜಿಬಿ, 2.5 ಇಂಚಿನ ಸಾಟಾ ಮಾದರಿ ಸಾಕು. ಬೋರ್ಡಿಗೇ ನೇರ ಚುಚ್ಚುವ ಪಟ್ಟಿಯಂಥ ಎಸ್‌ಎಸ್‌ಡಿಗೆ ಬೇಕಾದ ಎಂ.2 ಸ್ಲಾಟ್ ಈ ಬೋರ್ಡಿನಲ್ಲಿ ಇಲ್ಲ. ಹೆಸರು ಕೇಳದ ಕಂಪನಿಯ 1 ಟಿಬಿ ಅಗ್ಗಕ್ಕೆ ಸಿಕ್ಕರೆ ಮುಟ್ಟಬೇಡಿ, ಒಳಗೆ ಅಷ್ಟು ಜಾಗವೇ ಇರದ ನಕಲಿಗಳು ಬಹಳ.

ಹಾಕುವಾಗ ಎಡವುವ ಜಾಗಗಳಿವು. ಮೊದಲು ಡೇಟಾ ಬ್ಯಾಕಪ್ ತೆಗೆದು, ನಿಮ್ಮದು ವಿಂಡೋಸ್‌ನ ಹೋಮ್ ಎಡಿಷನ್ನೋ ಪ್ರೋ ಎಡಿಷನ್ನೋ ಎಂದು ನೋಡಿಟ್ಟುಕೊಳ್ಳಿ. ಆನ್ ಮಾಡಿದ ಕೂಡಲೇ ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಹೋಗಿ, ಡಿಸ್ಕಿನ ಜೊತೆ ಮಾತಾಡುವ ವಿಧಾನವಾದ 'ಸಾಟಾ ಆಪರೇಷನ್' ಎಎಚ್‌ಸಿಐ ಎಂದಿರಲಿ. ವಿಂಡೋಸ್ ಹಾಕಿದ ಮೇಲೆ ಇದನ್ನು ಬದಲಿಸಿದರೆ ನೀಲಿ ಪರದೆ ಬಂದು ಕೂರುತ್ತದೆ. ಇನ್‌ಸ್ಟಾಲ್ ಮಾಡುವಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಹಳೇ ಡಿಸ್ಕಿನಲ್ಲೇ ಉಳಿಯಬಹುದು, ನಾಳೆ ಅದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ. ಕೀ ಕೇಳಿದಾಗ 'ಪ್ರಾಡಕ್ಟ್ ಕೀ ಇಲ್ಲ' ಆಯ್ದು, ಮೊದಲಿದ್ದ ಎಡಿಷನ್ನನ್ನೇ ಹಾಕಿ. ಈಗಿನದು ಡಿಜಿಟಲ್ ಲೈಸೆನ್ಸ್ ಆಗಿದ್ದರೆ ಅದು ಮದರ್‌ಬೋರ್ಡಿಗೆ ತಳುಕು ಹಾಕಿಕೊಂಡಿರುತ್ತದೆ. ಇಂಟರ್ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತದೆ.

ನಿಮ್ಮ ಮದರ್‌ಬೋರ್ಡಿನಲ್ಲಿರುವ ಎಚ್81 ಚಿಪ್‌ಸೆಟ್‌ನ ಸಾಟಾ ಪೋರ್ಟುಗಳೆಲ್ಲ ಒಂದೇ ವೇಗದವಲ್ಲ. ಹಾರ್ಡ್ ಡಿಸ್ಕ್ ಈಗಿರುವ ಪೋರ್ಟಿಗೆ ಎಸ್‌ಎಸ್‌ಡಿ ಕೊಟ್ಟು, ಹಾರ್ಡ್ ಡಿಸ್ಕನ್ನು ಇನ್ನೊಂದಕ್ಕೆ ಸರಿಸಿ. ಆಮೇಲೆ ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಂ ತೆರೆದು ಟ್ರಾನ್ಸ್‌ಫರ್ ಮೋಡ್ ನೋಡಿ: 'ಸಾಟಾ/600 | ಸಾಟಾ/600' ಇದ್ದರೆ ಸರಿ. ಮೊದಲನೆಯದು 300 ಇದ್ದರೆ ನಿಧಾನದ ಪೋರ್ಟಿಗೆ ಹಾಕಿದ್ದೀರಿ, ಬದಲಿಸಿ. ಅಲ್ಲೇ ಹಳೇ ಹಾರ್ಡ್ ಡಿಸ್ಕಿನ ಆರೋಗ್ಯವನ್ನೂ ನೋಡಿಬಿಡಿ. ಓದಲಾಗದೆ ಬಾಕಿ ಉಳಿದ ಜಾಗಗಳನ್ನು ಎಣಿಸುವ ಸಿ5 ಸಾಲಿನಲ್ಲಿ ಸೊನ್ನೆಯ ಬದಲು ಬೇರೆ ಅಂಕಿ ಇದ್ದರೆ ಅದರಲ್ಲಿ ಸಿನಿಮಾ ಇಟ್ಟುಕೊಳ್ಳಿ, ಲೆಕ್ಕಪತ್ರ ಬೇಡ.

ಈಗ ರ‍್ಯಾಮ್. ಇದನ್ನು ಧೈರ್ಯವಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು, ಆದರೆ ಸ್ಟಿಕ್ಕರ್ ಓದದೆ ದುಡ್ಡು ಕೊಡಬೇಡಿ. ನಿಮಗೆ ಬೇಕಾದದ್ದು ಡಿಡಿಆರ್3, 8 ಜಿಬಿ. ಸ್ಟಿಕ್ಕರ್ ಮೇಲೆ '2ಆರ್ಎಕ್ಸ್8 ಪಿಸಿ3-12800ಯು' ಅಥವಾ 'ಪಿಸಿ3ಎಲ್-12800ಯು' ಎಂದಿರಬೇಕು. ಎಲ್ ಅಂದರೆ 1.35 ವೋಲ್ಟಿನದು, ಇದಕ್ಕೂ ನಡೆಯುತ್ತದೆ. ಕೊನೆಯ ಅಕ್ಷರವೇ ಮುಖ್ಯ: ಯು ಬದಲು ಆರ್ ಇದ್ದರೆ ಅದು ಸರ್ವರ್ ರ‍್ಯಾಮ್, ಅಗ್ಗಕ್ಕೆ ಸಿಗುತ್ತದೆ, ಇದರಲ್ಲಿ ಓಡುವುದಿಲ್ಲ. ಎಸ್ ಇದ್ದರೆ ಲ್ಯಾಪ್‌ಟಾಪಿನದು, ಸ್ಲಾಟಿಗೇ ಕೂರುವುದಿಲ್ಲ. 'ಎಎಂಡಿಗೆ ಮಾತ್ರ' ಎಂದು ಮಾರುವ ಅಗ್ಗದ ಸ್ಟಿಕ್ಕುಗಳಲ್ಲಿ ಎಕ್ಸ್8ರ ಬದಲು ಎಕ್ಸ್4 ಎಂಬ ಬೇರೆ ಬಗೆಯ ಚಿಪ್ಪುಗಳಿರುತ್ತವೆ. ಅವು ಇಂಟೆಲ್ ಡೆಸ್ಕ್‌ಟಾಪಿಗೆ ಒಗ್ಗುವುದಿಲ್ಲ. ಪವರ್ ಬಟನ್ ಕಿತ್ತಳೆ ಬಣ್ಣದಲ್ಲಿ ಮಿಣುಕುತ್ತದೆ, ಸ್ಕ್ರೀನ್ ಕಪ್ಪಗೇ ಇರುತ್ತದೆ.

ಇದರಲ್ಲಿ ಎರಡೇ ಸ್ಲಾಟ್, ಗರಿಷ್ಠ 16 ಜಿಬಿ. ನಿಮ್ಮಲ್ಲಿರುವುದು ಒಂದೇ 4 ಜಿಬಿ ಸ್ಟಿಕ್ ಆದರೆ ಪಕ್ಕದಲ್ಲಿ 8ರದ್ದು ಹಾಕಿ 12 ಮಾಡಿಕೊಳ್ಳಿ, ಮೊದಲ 8 ಜಿಬಿ ಡ್ಯುಯಲ್ ಚಾನೆಲ್‌ನಲ್ಲೇ (ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವ ವೇಗದ ವಿಧಾನ) ಓಡುತ್ತದೆ. 2 ಜಿಬಿಯ ಎರಡಿದ್ದರೆ ಎರಡನ್ನೂ ತೆಗೆದು 8ರ ಜೋಡಿ ಹಾಕಬಹುದು. ಹೊಸ ಸ್ಟಿಕ್ ಹಾಕಿ ಆನ್ ಮಾಡಿದಾಗ 'ಮೆಮೊರಿ ಬದಲಾಗಿದೆ' ಎಂಬ ಸಂದೇಶ ಬಂದರೆ ಗಾಬರಿ ಬೇಡ, ಎಫ್1 ಒತ್ತಿ ಮುಂದೆ ಹೋಗಿ. ರಾತ್ರಿ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಲು ಬಿಟ್ಟು ಮಲಗಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಸ್ಟಿಕ್ ವಾಪಸ್ ಕೊಡಿ. ಕೆಟ್ಟ ರ‍್ಯಾಮ್ ಸದ್ದಿಲ್ಲದೆ ಫೈಲುಗಳನ್ನು ಹಾಳುಮಾಡುತ್ತದೆ.

ಇಷ್ಟಾದ ಮೇಲೂ ಸಿಪಿಯು 100% ಮುಟ್ಟುತ್ತಿದ್ದರೆ, ಉದಾಹರಣೆಗೆ ವಿಡಿಯೋ ಕ್ಲಾಸಿನ ಜೊತೆ ಹತ್ತಾರು ಟ್ಯಾಬ್ ತೆರೆದಾಗ, ಆಗ ಐ5-4570 ನೋಡಿ. ಎರಡು ಕೋರ್ ಹೋಗಿ ನಾಲ್ಕಾಗುತ್ತದೆ. ಐ5-4590 ಕೂಡ ಸರಿಯೇ, ಆದರೆ ಅದಕ್ಕೆ ಮೊದಲು ಹಳೇ ಪ್ರೊಸೆಸರ್ ಇರುವಾಗಲೇ ಡೆಲ್ ಸೈಟಿನಿಂದ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ. ಸಂಖ್ಯೆಯ ಕೊನೆಗೆ ಟಿ ಇದ್ದರೆ ಹುಷಾರು: 4570ಟಿಯಲ್ಲಿ ಇರುವುದು ಎರಡೇ ಕೋರ್. ಪ್ರೊಸೆಸರ್ ಸುಲಭಕ್ಕೆ ಕೆಡುವ ವಸ್ತುವಲ್ಲ; ಬದಲಿಸುವಾಗ ಕೆಡುವುದು ಸಾಕೆಟ್ಟಿನ ಪಿನ್. ಸಾಕೆಟ್ ಮೇಲೆ ಬೆರಳು, ಬಟ್ಟೆ ಏನೂ ತಾಗಬಾರದು. ಮೂಲೆಯ ತ್ರಿಕೋನದ ಗುರುತು ಹೊಂದಿಸಿ, ಒತ್ತದೆ ಇಳಿಸಿ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಹಳೇ ಥರ್ಮಲ್ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ತೊಗರಿ ಕಾಳಿನಷ್ಟು ನಡುವೆ ಇಟ್ಟು, ಹೀಟ್‌ಸಿಂಕಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಕ್ಯಾಬಿನೆಟ್ ತೆರೆದಿರುವಾಗಲೇ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಬಿಡಿ, ಇಷ್ಟು ವರ್ಷದಲ್ಲಿ ಅದು ಬಸವಳಿದಿರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಏಕೆ ಬೇಡ ಅಂದರೆ, ಟ್ಯಾಲಿಗೂ ಕ್ಲಾಸಿಗೂ ಅದರಿಂದ ಏನೂ ಆಗುವುದಿಲ್ಲ. ಇದರ ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಸಾಮಾನ್ಯ 24 ಪಿನ್ನಿನದಲ್ಲ, ಡೆಲ್‌ನದೇ 8 ಪಿನ್. ಕಾರ್ಡಿಗೆ ಬೇರೆ ಪವರ್ ಕನೆಕ್ಟರ್ ಇಲ್ಲ, ಡಿಸ್ಕಿಗೆ ಹೋಗುವ ಕರೆಂಟೂ ಮದರ್‌ಬೋರ್ಡಿನಿಂದಲೇ. ಹಳೇ ವಿಜಿಎ ಮಾನಿಟರ್ ಇದ್ದರೆ ಜಿಟಿ 1030 ಥರದ ಕಾರ್ಡಿನಲ್ಲಿ ಅದಕ್ಕೆ ಜಾಗವೂ ಇಲ್ಲ.

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್ 8ನೇ ಪೀಳಿಗೆ, ನಿಮ್ಮದು 4ನೇ ಪೀಳಿಗೆ. ಟ್ಯಾಲಿ ಇರುವುದರಿಂದ ಲಿನಕ್ಸ್‌ಗೆ ಹೋಗಿ ಎನ್ನಲಾರೆ. ಆದ್ದರಿಂದ ಖರ್ಚಿಗೆ ಒಂದು ಗೆರೆ ಎಳೆದುಕೊಳ್ಳಿ: ಬಿಡಿಭಾಗಗಳ ಒಟ್ಟು ಬೆಲೆ 8ನೇ ಪೀಳಿಗೆಯ ಐ5-8500 ಇರುವ ರಿಫರ್ಬಿಶ್ಡ್ (ಬಳಸಿ, ಸರಿಪಡಿಸಿ ಮಾರುವ) ಆಫೀಸ್ ಡೆಸ್ಕ್‌ಟಾಪಿನ ಬೆಲೆಯ ಅರ್ಧ ದಾಟಿದರೆ ಪ್ರೊಸೆಸರ್ ಕೈಬಿಡಿ, ಎಸ್‌ಎಸ್‌ಡಿ ಮತ್ತು ರ‍್ಯಾಮ್‌ಗೆ ನಿಲ್ಲಿಸಿ. ಎಸ್‌ಎಸ್‌ಡಿಯನ್ನು ಮುಂದಿನ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು, ಡಿಡಿಆರ್3 ಮಾತ್ರ ಇಲ್ಲೇ ಉಳಿಯುತ್ತದೆ.

ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೆ ಕ್ಯಾಬಿನೆಟ್ ಜೊತೆಗೇ ಒಯ್ಯಿರಿ. ಅಲ್ಲೇ ಹಾಕಿಸಿ, ವಿಂಡೋಸ್ ತೆರೆಯುವವರೆಗೂ ನಿಂತು ನೋಡಿ, ಸ್ಟಿಕ್ಕಿನ ಸೀರಿಯಲ್ ನಂಬರ್ ಮತ್ತು ವಾಪಸಾತಿಯ ಗಡುವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.